ಮಲೆನಾಡಿನಿಂದ ಗಗನಯಾತ್ರಿ ಆಗುವುದು ಹೇಗೆ?

ತೀರ್ಥಹಳ್ಳಿ, ಸಾಗರದ ಕಡೆ ಪಿಯುಸಿ ಓದುತ್ತಾ ಗಗನಯಾತ್ರಿ ಆಗುವ ಆಸೆ ಇಟ್ಟುಕೊಂಡಿದ್ದೀರಾ? ಮೊದಲು ವಾಯುಪಡೆ ಸೇರುವ ದಾರಿ ನೋಡಿ. ಬಾಹ್ಯಾಕಾಶಕ್ಕೆ ಹೋಗಿ ಬಂದ ರಾಕೇಶ್ ಶರ್ಮಾ, ಶುಭಾಂಶು ಶುಕ್ಲಾ ಇಬ್ಬರೂ ವಾಯುಪಡೆ ಸೇರಿದ್ದು ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎ ಮೂಲಕವೇ.

ಫಿಸಿಕ್ಸ್, ಮ್ಯಾಥ್ಸ್ ಇರಲೇಬೇಕು. ಯುಪಿಎಸ್‌ಸಿ ವರ್ಷಕ್ಕೆ 2 ಸಲ ಎನ್‌ಡಿಎ ಪರೀಕ್ಷೆ ನಡೆಸುತ್ತದೆ, ಹುಡುಗಿಯರೂ ಬರೆಯಬಹುದು. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇರುವುದಿಲ್ಲ, ಹಾಗಾಗಿ ಕನ್ನಡ ಮಾಧ್ಯಮದವರು ಹೆದರದೆ ದಿನಾ ಸ್ವಲ್ಪ ಇಂಗ್ಲಿಷ್ ಓದಿ. ಕಣ್ಣಿನ ಪರೀಕ್ಷೆ ಈಗಲೇ ಮಾಡಿಸಿ, ಎಲ್ಲಾ ಆದ ಮೇಲೆ ಗೊತ್ತಾದರೆ ಬೇಜಾರು ಅಲ್ವಾ.

ಯುದ್ಧವಿಮಾನದಲ್ಲಿ ಕೆಲವು ವರ್ಷ ಹಾರಾಡಿ ಅನುಭವ ಬಂದ ಮೇಲೆ ಬೆಂಗಳೂರಿನಲ್ಲಿರುವ ವಾಯುಪಡೆಯ ಟೆಸ್ಟ್ ಪೈಲಟ್ (ವಿಮಾನಗಳನ್ನು ಹಾರಿಸಿ ಪರೀಕ್ಷಿಸುವವರು) ಶಾಲೆಗೆ ಪ್ರಯತ್ನಿಸಬಹುದು. ಅಲ್ಲಿ ಬರೀ ಧೈರ್ಯ ಸಾಲದು. ವಿಮಾನ ಹೇಗೆ ನಡೆದುಕೊಂಡಿತು ಎಂದು ಎಂಜಿನಿಯರ್‌ಗಳಿಗೆ ಅಂಕಿಅಂಶ ಸಮೇತ ಬರೆದು ಕೊಡಬೇಕು. ಭಾರತದ ಮಾನವಸಹಿತ ಬಾಹ್ಯಾಕಾಶ ಯೋಜನೆಯಾದ ಗಗನಯಾನಕ್ಕೆ 2024ರಲ್ಲಿ ಹೆಸರಿಸಿದ 4 ಜನರೂ ಟೆಸ್ಟ್ ಪೈಲಟ್‌ಗಳೇ.