ಮೊದಲು ಅವರ ಆಲ್ಬಮ್, ಆಮೇಲೆ ನಮ್ಮದು

ಮದುವೆ ಫೋಟೋ ಕೆಲಸ ಮಾತಾಡೋಕೆ ಗಿರಾಕಿ ಮನೆಗೆ ಹೋದರೆ, ನಮ್ಮ ಆಲ್ಬಮ್ ಬಿಚ್ಚೋ ಮುಂಚೆ ಅವರ ಮನೆಯ ಹಳೇದನ್ನ ಕೇಳಬೇಕು ಅಂತ ನಾನು ಅಂದಾಗ ಮುಧೋಳದ ನಮ್ಮ ಫೋಟೋದವರೆಲ್ಲ ನಕ್ಕಿದ್ದರು. ‘ನೀ ಫೋಟೋ ತೋರಸಾಕ ಹೊಂಟೀಯೋ, ನೋಡಾಕ ಹೊಂಟೀಯೋ?’ ಕಳೆದ ಸೀಜನ್‌ನಲ್ಲಿ 14-15 ಮನೆಗೆ ಹೋದೆ. 9 ಕೆಲಸ ಕುದುರಿದವು, 10 ಇರಬಹುದು. ಈಗ ಯಾರೂ ನಗುತ್ತಿಲ್ಲ.

ಮೊದಲು ನಾನೂ ಎಲ್ಲರ ಹಾಗೇ. ಸೆಕೆಂಡ್ ಹ್ಯಾಂಡ್ ಟ್ಯಾಬ್‌ಗೆ 18 ಸಾವಿರ ಸುರಿದಿದ್ದೆ. ಜಮಖಂಡಿ ಕಡೆ ಒಂದು ಹಳ್ಳಿ, ಪಡಸಾಲೆ ತುಂಬ ಜನ, ನಾನು ಜಂಬದಿಂದ ಪ್ರೀ ವೆಡ್ಡಿಂಗ್ ವಿಡಿಯೋ ಹಚ್ಚಿದೆ, ಹುಡುಗ ಹುಡುಗಿಯನ್ನ ಎತ್ತಿಕೊಂಡು ತಿರುಗಿಸೋದು ಬಂತು ನೋಡಿ, ಅಜ್ಜ ಸುಮ್ನೆ ಎದ್ದು ರುಮಾಲು ಸುತ್ತಿಕೊಂಡು ಹೊರಗೆ ಹೋದರು. ಚಹಾ ಬಂತು. ಕೆಲಸ ಬರಲಿಲ್ಲ. ಆಮೇಲೆ ರೇಟ್ ಕಾರ್ಡ್ ಹೊಡೆಸಿದೆ, ಐದಾರು ಸಾವಿರ ಹೋಯಿತು. ಜನ ಅದನ್ನ ಹಿಡಿದುಕೊಂಡು ಬೇರೆಯವರ ಹತ್ತಿರ ಚೌಕಾಶಿ ಮಾಡಿದರು! ಉಳಿದ ಕಾರ್ಡಿನ ಹಿಂದೆ ಮಗಳು ಚಿತ್ರ ಬರೆಯುತ್ತಾಳೆ.

ಈಗ ಸಂಜೆ 7 ದಾಟಿಸಿ ಹೋಗುತ್ತೇನೆ, ಹೊಲದಿಂದ ಎಲ್ಲರೂ ಬಂದಿರುತ್ತಾರೆ. ನೀರು ಕುಡಿದು ಮನೆಯ ಹಿರಿಯ ಹೆಂಗಸಿಗೆ ‘ಅಮ್ಮಾರ, ನಿಮ್ಮ ಮದವಿ ಫೋಟೋ ಅದಾವೇನ್ರಿ?’ ಅಂತೀನಿ. ಟ್ರಂಕು ಬಿಚ್ಚಿದರು ಅಂದರೆ ಅರ್ಧ ಕೆಲಸ ಆಯಿತು. ಇವರಲ್ಲಿ ಸುರಗಿ ಶಾಸ್ತ್ರ ಹೇಗೆ, ಯಾರು ಎಲ್ಲಿ ಕೂಡುತ್ತಾರೆ, ಎಲ್ಲ ಅದರಲ್ಲೇ ಗೊತ್ತಾಗುತ್ತೆ. ‘ನಮ್ಮಣ್ಣ ಒಂದರಾಗೂ ಇಲ್ಲ ನೋಡ್ರಿ’ ಅಂತ ಒಬ್ಬರಾದರೂ ಅಂದೇ ಅನ್ನುತ್ತಾರೆ. ಈ ಸಲ ಯಾರು ತಪ್ಪಬಾರದು ಅಂತ ಕೇಳಿ, ಅವರ ಮುಂದೇನೇ ಹೆಸರು ಬರೆದುಕೊಳ್ಳುತ್ತೇನೆ, ವಹಿಯಲ್ಲಿ, ಮೊಬೈಲಿನಲ್ಲಿ ಅಲ್ಲ. ಆಮೇಲೆ ನನ್ನದು ಒಂದೇ ಆಲ್ಬಮ್, ಒಂದೇ ಮದುವೆಯದ್ದು, ಅರಿಶಿಣದಿಂದ ಊಟದ ಪಂಕ್ತಿವರೆಗೆ ಪೂರ್ತಿ. ಮೊದಲ ಪುಟದಲ್ಲಿ ಯಾವ ಫೋಟೋ ಇಡುತ್ತೇನೆ ಅಂತ ಹೇಳಲ್ಲ. ನೀವೂ ಇದೇ ಧಂದೆಯವರು ಅಲ್ವಾ.

ನಡುವೆ ಇನ್‌ಸ್ಟಾಕ್ಸ್ ಹುಚ್ಚೂ ಹಿಡಿದಿತ್ತು, ಹೊಡೆದ ಕೂಡಲೇ ಫೋಟೋ ಹಾಳೆ ಹೊರಗೆ ಬರೋ ಕ್ಯಾಮೆರಾ. ಅಜ್ಜಿಯದ್ದು ಒಂದು ಹೊಡೆದು ಕೈಗೆ ಕೊಟ್ಟರೆ ಖುಷಿಯೋ ಖುಷಿ, ಆದರೆ ಮೊಮ್ಮಕ್ಕಳೆಲ್ಲ ಸಾಲು ನಿಂತು ಒಂದೇ ಮನೆಯಲ್ಲಿ 10 ಹಾಳೆಯ ಪ್ಯಾಕು ಖಾಲಿ. ಬಿಟ್ಟೆ. ಈಗ ಟ್ರಂಕಿನಲ್ಲಿ ಮಾಸಿದ ಒಂದು ಫೋಟೋವನ್ನ ಮೊಬೈಲಿನಲ್ಲಿ ತೆಗೆದು, ರಾತ್ರಿ ಕೂತು ಸರಿ ಮಾಡಿ ವಾಟ್ಸಾಪ್‌ಗೆ ಹಾಕುತ್ತೇನೆ. ಖರ್ಚಿಲ್ಲ.

ರೇಟು ಕೊನೆಗೆ, ಗಾಡಿ ಹತ್ತಿರ, ದುಡ್ಡು ಕೊಡುವವರೊಬ್ಬರಿಗೇ. ಪಡಸಾಲೆಯಲ್ಲಿ ಹೇಳಿದರೆ ಕೂತವರೆಲ್ಲ ತಲಾ 2 ಸಾವಿರ ಇಳಿಸುತ್ತಾರೆ. ನಮ್ಮ ಕಡೆ ಸಕ್ಕರೆ ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬಂದ ಮೇಲೇ ಕೈಯಲ್ಲಿ ದುಡ್ಡು, ಅದಕ್ಕೆ 10 ಸಾವಿರ ಅಡ್ವಾನ್ಸ್ ತಗೊಂಡು ಉಳಿದಿದ್ದಕ್ಕೆ ಕಾಯುತ್ತೇನೆ. ಹೀಗೆ ಕಾದು ಒಂದು ಕಡೆ 22 ಸಾವಿರ ನಿಂತಿದೆ. ಎರಡು ಬಿಲ್ಲು ಬಂದು ಹೋದವು. ಆಲ್ಬಮ್ ಮಾತ್ರ ನನ್ನ ಕಪಾಟಿನಲ್ಲೇ ಇದೆ.