ಹನ್ನೊಂದು ಸಾವಿರದ ರೈಫಲ್, ಒಂದು ತೇಗದ ತುಂಡು

ನಲವತ್ತು ಗುಂಡಿಗೆ, ನಾನೂರರಲ್ಲಿ 371 ಅಂಕ. ಹತ್ತು ಮೀಟರ್, ತೆರೆದ ಸೈಟ್ (ಮಸೂರವಿಲ್ಲದ ಗುರಿಕಂಡಿ), ಸ್ಪ್ರಿಂಗ್ ಒತ್ತುವ ಗಾಳಿಯಿಂದ ಗುಂಡು ಹಾರಿಸುವ ಏರ್ ರೈಫಲ್. ಕಲಬುರಗಿಯ ಕಪನೂರಿನಲ್ಲಿ ಖಾಲಿ ಬಿದ್ದಿದ್ದ ಒಂದು ದಾಲ್ ಮಿಲ್ ಗೋದಾಮಿನೊಳಗೆ, ಇಬ್ಬರು ನಿಂತು ನೋಡುತ್ತಿರುವಾಗ ಹೊಡೆದದ್ದು. ಆ ಇಬ್ಬರಲ್ಲಿ ಒಬ್ಬರು ಎರಡು ವರ್ಷದ ಹಿಂದೆ ಇದೇ ರೈಫಲನ್ನು ಕೈಯಲ್ಲಿ ತೂಗಿ ನೋಡಿ, "ಇದರಲ್ಲಿ 340 ದಾಟಿದ ದಿನ ನನ್ನನ್ನು ಕರೆಯಿರಿ" ಎಂದಿದ್ದರು. ಕರೆದೆ, ಬಂದರು, ಟಾರ್ಗೆಟ್ ಕಾಗದಗಳನ್ನು ತಾವೇ ಎಣಿಸಿದರು.

ನನ್ನದು ಲೇತ್ ಕೆಲಸ. ದಾಲ್ ಮಿಲ್‌ಗಳ ಶಾಫ್ಟ್, ಬುಷ್, ರೋಲರ್ ತಿರುವಿಯೇ ಮನೆ ನಡೆದಿದೆ. ಕೈಯಲ್ಲಿ ಲೇತ್ ಇರುವವನಿಗೆ ರೈಫಲ್ ಸಿಕ್ಕರೆ ಸುಮ್ಮನಿರುವುದು ಕಷ್ಟ. ನಾನು ಕಳೆದುಕೊಂಡ ಹಣವೆಲ್ಲ ಹೋದದ್ದು ಆ ದಾರಿಯಲ್ಲೇ.

ಮೊದಲು ಮನಸ್ಸು ಮದ್ದಿನ ಗುಂಡು ಹೊಡೆಯುವ .22 ರೈಫಲಿನ ಮೇಲಿತ್ತು. ಅದಕ್ಕೆ ಲೈಸೆನ್ಸ್ ಬೇಕು, ಹೊಡೆಯಲು 50 ಮೀಟರ್ ರೇಂಜ್ ಬೇಕು, ಒಂದೊಂದು ಗುಂಡಿಗೂ ಲೆಕ್ಕ ಇಡಬೇಕು. ವಾರಕ್ಕೆ ಐದು ದಿನ ಹೊಡೆಯದವನಿಗೆ ಯಾವ ರೈಫಲ್ ಕೊಟ್ಟರೂ ಅಷ್ಟೇ ಎಂದುಕೊಂಡು 4.5 ಮಿ.ಮೀ. ಏರ್ ರೈಫಲ್‌ಗೆ ಇಳಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಈ ಅಳತೆಯ, ಗುಂಡಿನ ಶಕ್ತಿ 20 ಜೌಲ್ ಒಳಗಿರುವ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ನಾನು ಹೊಡೆಯುವುದು ಕಾಗದಕ್ಕೆ ಮಾತ್ರ. ಪಾರಿವಾಳ ಬೀಳುತ್ತದೆಯೇ, ನವಿಲು ಬೀಳುತ್ತದೆಯೇ ಎಂದು ಕೇಳಿಕೊಂಡು ಬರುವವರನ್ನು ಗೋದಾಮಿನ ಬಾಗಿಲಿನಿಂದಲೇ ವಾಪಸು ಕಳಿಸುತ್ತೇನೆ.

ಮೊದಲನೆಯದನ್ನು ಕೊಂಡದ್ದು ಒಂದು ಅಂಗಡಿಯವರ ಮಾತು ಕೇಳಿ. ಸೆಕೆಂಡಿಗೆ 800 ಅಡಿ ವೇಗ, ಜೊತೆಗೆ ಸ್ಕೋಪ್. ಎಲ್ಲ ಸೇರಿ ಹದಿನಾಲ್ಕು ಸಾವಿರದ ಹತ್ತಿರ. ಲೆಕ್ಕ ಹಾಕಿದರೆ ಅರ್ಧ ಗ್ರಾಂ ಪೆಲೆಟ್‌ಗೆ, ಅಂದರೆ ಏರ್ ರೈಫಲಿನ ಗುಂಡಿಗೆ, 15 ಜೌಲ್ ಆಗುತ್ತದೆ. ಒಲಿಂಪಿಕ್ಸ್‌ನಲ್ಲಿ ಇದೇ ಹತ್ತು ಮೀಟರ್‌ಗೆ ಹೊಡೆಯುವ ಮ್ಯಾಚ್ ರೈಫಲ್ ಸೆಕೆಂಡಿಗೆ 170–180 ಮೀಟರ್ ವೇಗದ್ದು, ಅಂದರೆ ಸುಮಾರು ಎಂಟು ಜೌಲ್. ನಾನು ದುಪ್ಪಟ್ಟು ಒದೆತಕ್ಕೆ ದುಡ್ಡು ಕೊಟ್ಟಿದ್ದೆ. ಇನ್ನೂರು ಗುಂಡು ಆಗುವಷ್ಟರಲ್ಲಿ ಸ್ಕೋಪಿನ ಒಳಗಿನ ಗೆರೆ ವಾಲಿತು. ಸ್ಪ್ರಿಂಗ್ ರೈಫಲ್ ಮೊದಲು ಹಿಂದಕ್ಕೆ ಒದ್ದು, ಪಿಸ್ಟನ್ ತಳ ಮುಟ್ಟಿದಾಗ ಮುಂದಕ್ಕೂ ಒದೆಯುತ್ತದೆ. ಅಗ್ಗದ ಸ್ಕೋಪ್ ಎರಡನ್ನೂ ತಾಳುವುದಿಲ್ಲ. ಹತ್ತು ಗುಂಡಿನ ಗುಂಪು ಅಂಗೈ ಅಗಲ. ಎಂಟು ತಿಂಗಳ ನಂತರ ಆರು ಸಾವಿರಕ್ಕೆ ಮಾರಿದೆ.

ಎರಡನೆಯದೇ ಈಗಿನದು: ನಮ್ಮ ದೇಶದಲ್ಲೇ ತಯಾರಾದ, ನಳಿಗೆ ಮಡಚುವ, ವೇಗ ಕಡಿಮೆ ಇರುವ ಸಾದಾ ರೈಫಲ್. ಹನ್ನೊಂದು ಸಾವಿರದ ಚಿಲ್ಲರೆ ಕೊಟ್ಟ ನೆನಪು. ಆರಿಸುವಾಗ ಮೂರನ್ನೇ ನೋಡಿದೆ. ಮಡಚಿದ ನಳಿಗೆ ಮುಚ್ಚಿದ ಮೇಲೆ ಪಕ್ಕಕ್ಕೆ ಅಲ್ಲಾಡಬಾರದು. ಬಿಡಿಭಾಗ ಸುಲಭವಾಗಿ ಸಿಗಬೇಕು. ಸೈಟ್ ತಿರುಗಿಸಿದಾಗ ಪ್ರತಿ ಕ್ಲಿಕ್ಕೂ ಕೈಗೆ ತಿಳಿಯಬೇಕು. ಅಂಗಡಿಯಲ್ಲಿ ಐದು ರೈಫಲ್ ತೆಗೆಸಿ, ನಾಲ್ಕನ್ನು ವಾಪಸು ಇಡಿಸಿದೆ.

ತಂದ ವಾರವೇ ಕೈ ಹಾಕಿದೆ. ನಳಿಗೆ ಮಡಚುವಾಗ ಒಳಗೆ ಕಿರ್ರೆಂದಿತು. ಹೊಲಿಗೆ ಯಂತ್ರದ ಎಣ್ಣೆಯ ನಾಲ್ಕು ಹನಿ ಸಿಲಿಂಡರ್‌ಗೆ ಬಿಟ್ಟೆ. ಮುಂದಿನ ಗುಂಡು ನಾಡ ಬಂದೂಕಿನಂತೆ ಸದ್ದು ಮಾಡಿ ನೀಲಿ ಹೊಗೆ ಕಾರಿತು. ಒತ್ತಡಕ್ಕೆ ಎಣ್ಣೆಯೇ ಹತ್ತಿಕೊಂಡು ಸೀಲ್ ಸುಟ್ಟಿತ್ತು. ಸೀಲಿಗೆ ಮುನ್ನೂರು, ಕೊರಿಯರ್‌ಗೆ ನೂರೈವತ್ತು, ಹದಿನೆಂಟು ದಿನ ಕಾಯುವಿಕೆ.

ಅದಕ್ಕಿಂತ ಕೆಟ್ಟದ್ದು ಟ್ರಿಗರ್. ಎಳೆತ ಗಟ್ಟಿ ಎನಿಸಿ, ಟ್ರಿಗರ್ ಎಳೆಯುವವರೆಗೆ ಪಿಸ್ಟನ್ ತಡೆದಿಡುವ ಕೊಂಡಿಯಾದ ಸಿಯರ್ ತೆಗೆದು ಎಣ್ಣೆಕಲ್ಲಿಗೆ ಉಜ್ಜಿದೆ. ಹದಿನೈದು ಉಜ್ಜಿಗೆ ಚೆನ್ನಾಗಿತ್ತು, ಇನ್ನೂ ಹತ್ತು ಉಜ್ಜಿದೆ. ಪೆಲೆಟ್ ಇಡುತ್ತಿರುವಾಗ ಸಿಯರ್ ಜಾರಿ ನಳಿಗೆ ತಾನೇ ಮೇಲಕ್ಕೆ ಸಿಡಿಯಿತು. ಹೆಬ್ಬೆರಳಿನ ಉಗುರು ಹೋಯಿತು. ಬೆರಳು ಒಂದು ಕೂದಲೆಳೆಯಲ್ಲಿ ಉಳಿಯಿತು. ಅಂದಿನಿಂದ ಪೆಲೆಟ್ ಇಡುವಾಗ ನನ್ನ ಇನ್ನೊಂದು ಕೈ ನಳಿಗೆಯನ್ನು ಬಿಡುವುದಿಲ್ಲ. ಹೊಸ ಸಿಯರ್ ತರಿಸಿ ಹಾಕಿದೆ, ಅದು ಕಾರ್ಖಾನೆಯಿಂದ ಬಂದ ಹಾಗೆಯೇ ಇದೆ. ಗಟ್ಟಿ ಟ್ರಿಗರ್‌ಗೆ ಬೆರಳು ಎರಡು ತಿಂಗಳಲ್ಲಿ ಹೊಂದಿಕೊಂಡಿತು.

ಆಮೇಲೆ ಒಂದು ಗೆರೆ ಹಾಕಿಕೊಂಡೆ: ಗಾಳಿ ಒತ್ತುವ ಭಾಗ ಮುಟ್ಟಬಾರದು, ಮೈ ತಾಗುವ ಭಾಗ ಮಾತ್ರ ಬದಲಿಸಬೇಕು. ಎಲ್ಲರೂ ಇದಕ್ಕೇ ತಕರಾರು ತೆಗೆದರು. ಸ್ಪ್ರಿಂಗ್ ಬದಲು ಗ್ಯಾಸ್ ಪಿಸ್ಟನ್ ಹಾಕಿಸು, ಇಲ್ಲವೇ ಗಟ್ಟಿ ಸ್ಪ್ರಿಂಗ್ ಹಾಕಿಸು, ಕಟ್ಟಿಗೆ ಕೆತ್ತಿ ಏನು ಬಂತು ಎಂದರು.

ಮೊಣಕೈ ಮಡಚಿ, ಒಳಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಅಳೆದೆ. ಬಟ್, ಅಂದರೆ ಭುಜಕ್ಕೆ ಒತ್ತುವ ಹಿಂತುದಿ, ನನಗೆ 22 ಮಿ.ಮೀ. ಹೆಚ್ಚು ಉದ್ದವಿತ್ತು. ಬ್ರಹ್ಮಪುರದ ಕಡೆಯ ಒಬ್ಬ ಬಡಿಗೇರ ಅಜ್ಜನ ಬಳಿ ಒಯ್ದೆ. "ಒಂದೇ ಸಲ ಅಷ್ಟು ಕತ್ತರಿಸಬೇಡಪ್ಪಾ, ಕಡಿದ ಕಟ್ಟಿಗೆ ಬೆಳೆಯುವುದಿಲ್ಲ" ಎಂದು ಅವರು ಮೂರು ಸಲಕ್ಕೆ ಕೊಯ್ದರು. ಹದಿನೆಂಟಕ್ಕೇ ಸರಿಹೋಯಿತು. ನನ್ನ ಅಳತೆಯೇ ತುಸು ತಪ್ಪಿತ್ತು.

ಕೆನ್ನೆ ಇಡುವ ತುಂಡಿಗೆ ಮೊದಲು ಜಾಲಿ ಹಾಕಿದೆವು. ಬಂಡಿಯ ಗಾಲಿಗೆ ಆಗುವ ಕಟ್ಟಿಗೆ ಇದಕ್ಕೂ ಆದೀತು ಎಂಬ ಲೆಕ್ಕ. ನಮ್ಮ ಮೇ ತಿಂಗಳ ಬಿಸಿಲಿಗೆ ಉದ್ದಕ್ಕೂ ಸೀಳಿತು. ನಂತರ ಹಳೆಯ ಬಾಗಿಲಿನ ತೇಗ, ಬಲಿತು ಒಣಗಿದ್ದು. ಕಣ್ಣು ಮುಚ್ಚಿ ರೈಫಲ್ ಎತ್ತಿ ಕೆನ್ನೆ ಇಟ್ಟು ಕಣ್ಣು ತೆರೆದರೆ ಸೈಟ್ ನೇರ ಇರಬೇಕು. ಅಲ್ಲಿಯವರೆಗೆ ಮರಳು ಕಾಗದದಿಂದ ತಿಕ್ಕಿದೆ, ಸುಮಾರು ಹನ್ನೊಂದು ದಿನ, ಊಟದ ನಂತರ ಅರ್ಧರ್ಧ ಗಂಟೆ. ಅಜ್ಜನ ಕೂಲಿ ಎಂಟುನೂರು, ತೇಗ ಬಿಟ್ಟಿ. 318ರಲ್ಲಿ ನಿಂತಿದ್ದ ಸ್ಕೋರು ಆ ತಿಂಗಳೇ 341ಕ್ಕೆ ಬಂತು.

ಮುಂದಿನದು ಬೆಳಕು. ಗೋದಾಮಿನ ಕಿಟಕಿ ಪಡುವಣಕ್ಕಿದೆ. ಸಂಜೆ ಮುಂದಿನ ಸೈಟಿನ ಒಂದು ಬದಿ ಹೊಳೆದು ಗುಂಡುಗಳೆಲ್ಲ ಒಂದೇ ಕಡೆಗೆ ಸರಿಯುತ್ತಿದ್ದವು. ಲೇತ್‌ನಲ್ಲಿ ಸಣ್ಣ ಕೊಳವೆ ತಿರುವಿ ಸೈಟಿನ ಮೇಲೆ ಮರೆ ಕೂರಿಸಿದೆ. ಹೊಡೆಯುವ ಮುನ್ನ ಸೀಮೆಎಣ್ಣೆ ಬುಡ್ಡಿಯ ಹೊಗೆಗೆ ಸೈಟಿನ ತುದಿ ಹಿಡಿಯುತ್ತೇನೆ. ಮಸಿ ಹಿಡಿದ ಲೋಹ ವೆಲ್ವೆಟ್ಟಿನಂತೆ ಕಪ್ಪಾಗುತ್ತದೆ, ಅಂಚು ಚಾಕುವಿನಂತೆ ಕಾಣುತ್ತದೆ. ಬೆರಳು ತಾಗಿದರೆ ಹೋಯಿತು, ಮತ್ತೆ ಹಿಡಿಯಬೇಕು.

ಸ್ಟಾಕಿನ, ಅಂದರೆ ಕಟ್ಟಿಗೆ ಮೈಯ, ತಿರುಪುಗಳು ಐವತ್ತು ಗುಂಡಿಗೊಮ್ಮೆ ಸಡಿಲವಾಗುತ್ತಿದ್ದವು. ಹಲ್ಲಿನ ವಾಷರ್ ಹಾಕಿದ ಮೇಲೆ ನಿಂತವು. ಸ್ಪ್ರಿಂಗಿನ ಝೇಂಕಾರ ಮಾತ್ರ ಸಹಿಸಲಾಗದೆ ನನ್ನ ಗೆರೆಯನ್ನು ಒಮ್ಮೆ ದಾಟಿ ಒಳಗೆ ಒಂದು ಸಣ್ಣ ಕೆಲಸ ಮಾಡಿದ್ದೇನೆ. ಅದರಿಂದ ವೇಗ ಹೆಚ್ಚಿಲ್ಲ, ಸದ್ದು ಸತ್ತಿದೆ. ಏನು ಹಾಕಿದೆ, ಎಷ್ಟು ದಪ್ಪದ್ದು ಎಂಬುದು ನನ್ನ ಬಳಿಯೇ ಇರಲಿ. ಲೇತ್ ಇರುವವರು ಒಂದು ವಾರ ಕುಳಿತರೆ ಕಂಡುಕೊಳ್ಳುತ್ತಾರೆ.

ಪೆಲೆಟ್‌ಗಳ ಹಿಂದೆಯೂ ಒಂದು ತಿಂಗಳು ಬಿದ್ದೆ. ಸರಾಫ್ ಬಜಾರಿನಲ್ಲಿ ಬಂಗಾರದ ಕೆಲಸ ಮಾಡುವ ನಮ್ಮ ಮಾಮಾನ ತಕ್ಕಡಿಯಲ್ಲಿ ಅಗ್ಗದ ಡಬ್ಬಿಯ ಐನೂರನ್ನೂ ತೂಗಿದೆ. 0.49 ಗ್ರಾಂನಿಂದ 0.56ರವರೆಗೆ ಇದ್ದವು. ತೂಕದ ಪ್ರಕಾರ ಬೇರೆ ಮಾಡಿ ಹೊಡೆದರೆ ಸಿಕ್ಕಿದ್ದು ನಲವತ್ತಕ್ಕೆ ಮೂರು ನಾಲ್ಕು ಅಂಕ. ಪೆಲೆಟ್ಟಿನ ಹಿಂಬದಿಯ ಲಂಗದ ಅಂಚು ನೆಗ್ಗಿದವನ್ನು ಕಣ್ಣಲ್ಲೇ ಆರಿಸಿ ಎಸೆದಾಗ ಎಂಟು ಹತ್ತು ಅಂಕ ಸಿಕ್ಕವು. ತಲೆಯ ಅಳತೆ 4.49, 4.50, 4.51 ಮೂರನ್ನೂ ಹಾಕಿ ನೋಡಿದೆ. ನನ್ನ ನಳಿಗೆಗೆ ಒಂದೇ ಒಂದು ಒಪ್ಪಿತು. ನಿಮ್ಮ ನಳಿಗೆಗೆ ಬೇರೆಯದೇ ಒಪ್ಪಬಹುದು, ಹೊಡೆದೇ ನೋಡಬೇಕು. ಮ್ಯಾಚ್ ಪೆಲೆಟ್ ಡಬ್ಬಿಗೆ ಸಾವಿರದ ಮೇಲಾಗುತ್ತದೆ. ವಾರವೆಲ್ಲ ಅಗ್ಗದ್ದು, ಭಾನುವಾರ ಮಾತ್ರ ಅದು.

ಗುಂಡು ತಡೆಯಲು ತೊಗರಿ ಹೊಟ್ಟಿನ ಚೀಲ ಇಟ್ಟು ನೋಡಿದೆ. ನೂರು ಗುಂಡಿಗೆ ತೂತು ಬಿದ್ದು ಹೊಟ್ಟೆಲ್ಲ ಸುರಿಯಿತು. ಈಗ ಎಣ್ಣೆ ಡಬ್ಬದ ತುಂಬ ಹಳೆಯ ಬಟ್ಟೆ, ಹಿಂದೆ ಓರೆಯಾಗಿ ಕಬ್ಬಿಣದ ತಗಡು. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ರೊಟ್ಟಿ ಮುಟ್ಟುವುದಿಲ್ಲ, ಪೆಲೆಟ್ ಸೀಸದ್ದು.

ಒಟ್ಟು ಖರ್ಚು, ಪೆಲೆಟ್ ಬಿಟ್ಟು, ಈ ರೈಫಲಿನ ಮೇಲೆ ಹದಿನಾಲ್ಕು ಸಾವಿರದ ಆಸುಪಾಸು. ಹೈದರಾಬಾದಿಗೆ ಹೋಗಿದ್ದಾಗ ಒಬ್ಬರು ತಮ್ಮ ಎರಡು ಲಕ್ಷ ಮೀರಿದ ಮ್ಯಾಚ್ ರೈಫಲನ್ನು ಹತ್ತು ಗುಂಡಿಗೆ ಕೊಟ್ಟರು. 2012ರಲ್ಲಿ ಲಂಡನ್ನಿನಿಂದ ಕಂಚು ತಂದ ಗಗನ್ ನಾರಂಗ್ ಅವರ ಊರದು, ಅಲ್ಲಿ ಇಂಥವು ಕಾಣಸಿಗುತ್ತವೆ. ಅದರ ಕೆನ್ನೆ ತುಂಡು, ಬಟ್, ಹಿಡಿ ಎಲ್ಲವೂ ತಿರುಪಿನಿಂದ ಮೇಲೆ ಕೆಳಗೆ ಸರಿಯುತ್ತವೆ. ಅಷ್ಟು ದುಡ್ಡಿನ ರೈಫಲನ್ನೂ ಮೈಗೆ ಹೊಂದುವಂತೆಯೇ ಮಾಡಿದ್ದಾರೆ ಎಂದು ನೋಡಿ ನನಗೆ ಧೈರ್ಯ ಬಂತು.

ಮುಂದಿನ ಕೆಲಸ ಪೀಪ್ ಸೈಟ್, ಅಂದರೆ ಸಣ್ಣ ತೂತಿನ ಮೂಲಕ ಗುರಿ ನೋಡುವ ಹಿಂದಿನ ಸೈಟ್. ರೈಫಲಿನ ಮೇಲಿನ ಹಳಿ 11 ಮಿ.ಮೀ.ನದು, ಅದಕ್ಕೆ ಕೂರುವ ಸೈಟ್ ತರಿಸಿದ್ದೇನೆ. ತೊಗರಿ ಬರುವ ಮೊದಲು, ಗೋದಾಮು ಖಾಲಿ ಇರುವಾಗಲೇ, ಕನಿಷ್ಠ ಎರಡು ಸಾವಿರ ಗುಂಡು ಹೊಡೆಯಬೇಕಿದೆ.