ಮಳೆಗಾಲದ ಬರ್ತ್‌ಡೇ: ಗೋಂದೂ ಬೇಡ, ಫ್ರಿಜ್ಜೂ ಬೇಡ

ಆಗಸ್ಟ್ ಮೊದಲ ವಾರ, ಕೊಡಗಿನ ಭಾಗಮಂಡಲದ ಕಡೆ ಸುರಿಯುವ ಮಳೆ, ಎರಡು ದಿನದಿಂದ ಕರೆಂಟ್ ಇಲ್ಲ. ಹಾಗಿದ್ದೂ ಮಗಳ ಬರ್ತ್‌ಡೇಗೆ ಕಟ್ಟಿದ ಒಂದು ತೋರಣವೂ ಬೀಳಲಿಲ್ಲ, ಒಂದು ಚಾಕೊಲೇಟೂ ಬೆವರಲಿಲ್ಲ. ಇಪ್ಪತ್ತೈದು ಮಕ್ಕಳು, ಅವರ ಹಿಂದೆ ಹೆಚ್ಚುಕಮ್ಮಿ ಅಷ್ಟೇ ದೊಡ್ಡವರು. ಖರ್ಚು ಮೂರು ಸಾವಿರ ದಾಟಲಿಲ್ಲ. ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ. ಯಾಕೆಂದರೆ ನಮ್ಮ ಮನೆ ಬರ್ತ್‌ಡೇ ಅಂದರೆ ಇಷ್ಟು ವರ್ಷ ನೆಂಟರಿಗೆಲ್ಲ ನಗುವ ವಿಷಯವಾಗಿತ್ತು.

"ಆಟಿ ತಿಂಗಳಲ್ಲಿ ಕಾಗದ ಕಟ್ಟುವ ಹುಚ್ಚು ಯಾಕೆ ಮಗಾ? ಒಂದು ಪಾಯಸ ಮಾಡು, ಸಾಕು" ಅಂತ ಅತ್ತೆ ಪ್ರತಿ ವರ್ಷ ಹೇಳುವರು. ಆಟಿ ಅಂದರೆ ಜುಲೈ, ಆಗಸ್ಟಿನ ಜೋರು ಮಳೆಯ ತಿಂಗಳು. ನಾದಿನಿ ಮೈಸೂರಿಂದ ಫೋನ್ ಮಾಡಿ, "ಅತ್ತಿಗೆ, ಈ ಸಲವಾದ್ರೂ ಹಾಲ್ ಬುಕ್ ಮಾಡಿ" ಅನ್ನುವಳು. ಮನೆಯವರು ಏನೂ ಹೇಳುವುದಿಲ್ಲ, ಸುಮ್ನೆ ಏಣಿ ತಂದು ಕೊಡುತ್ತಾರೆ. ಅದು ಇನ್ನೂ ಕಷ್ಟ.

ತೋರಣ ಕತ್ತರಿಸೋದು, ಕೇಕ್ ಹಿಟ್ಟು ಕಲಸೋದು ಎಲ್ಲ ನಿಮಗೆ ಗೊತ್ತು, ಅದನ್ನು ಬರೆಯಲ್ಲ. ಇಲ್ಲಿನ ಮಳೆಗೆ ಯಾವುದು ನಿಂತಿತು, ಯಾವುದು ಕೈಕೊಟ್ಟಿತು ಅನ್ನೋದು ಮಾತ್ರ.

ಮೊದಲು ಕೈಕೊಟ್ಟವು. ಕ್ರೇಪ್ ಪೇಪರ್ ಸಂಜೆ ಕಟ್ಟಿದರೆ ಬೆಳಗ್ಗೆ ಹಿಂಡದೆ ಒಣಹಾಕಿದ ಬಟ್ಟೆ ಥರ ಜೋತಾಡುತ್ತದೆ. ಬಣ್ಣ ಬೇರೆ ಬಿಡುತ್ತದೆ. ನಮ್ಮ ಜಗಲಿಯ ಸುಣ್ಣದ ಗೋಡೆ ಮೇಲೆ ಗುಲಾಬಿ ಗೆರೆಗಳು ಈಗಲೂ ಇವೆ. ಡಬಲ್ ಸೈಡ್ ಟೇಪು ತಂಪು ಹಿಡಿದ ಗೋಡೆಗೆ ಕಚ್ಚುವುದೇ ಇಲ್ಲ. ಥರ್ಮೋಕೋಲಿನ ಅಕ್ಷರಗಳು ಒಂದೊಂದಾಗಿ ಉದುರಿ, ಕೇಕ್ ಕತ್ತರಿಸುವ ಹೊತ್ತಿಗೆ ಗೋಡೆ ಮೇಲೆ ಮಗಳ ಅರ್ಧ ಹೆಸರು ಉಳಿದಿತ್ತು. ಮೈದಾ ಗೋಂದು ಕಾಯಿಸಿ ಅಂಟಿಸಿದ ಕಾಗದದ ಕಿರೀಟಕ್ಕೆ ಮೂರ್ನಾಲ್ಕು ದಿನದಲ್ಲಿ ಬೂಷ್ಟು. ಕಪ್ಪು, ಹಸಿರು ಚುಕ್ಕೆ, ಜೊತೆಗೆ ಮುಗ್ಗಲು ವಾಸನೆ. "ಅದಕ್ಕೆ ಚೂರು ಮೈಲುತುತ್ತ ಹಾಕು, ಬೂಷ್ಟು ಹತ್ತಿರ ಬರಲ್ಲ" ಅಂತ ಒಬ್ಬರು ಸಲಹೆ ಕೊಟ್ಟರು. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಶೆಡ್ಡಿನಲ್ಲಿ ಇತ್ತು ನಿಜ. ಆದರೆ ಅದು ವಿಷ. ಮಕ್ಕಳು ಕಿರೀಟ ತಲೆಗೆ ಇಡುವ ಮೊದಲು ಬಾಯಿಗೆ ಇಡುತ್ತವೆ. ಬೇಡವೇ ಬೇಡ.

ಬಲೂನು ಮಾತ್ರ ಮಳೆಗೆ ಜಗ್ಗಲ್ಲ. ಆದರೆ ಒಂದು ವರ್ಷ ಮರುದಿನ ಗುಡಿಸಿ ಹಾಕಿದ ಚೂರುಗಳಿಗೆ ನಮ್ಮ ಹಸು ಬಾಯಿ ಹಾಕಿತು. ಅಂದಿಗೆ ಬಲೂನೂ ಬಂದ್.

ನಡುವೆ ಒಂದು ವರ್ಷ ಪಟ್ಟಣದ ಡೆಕೋರೇಷನ್‌ನವರಿಗೂ ಹೇಳಿದ್ದೆವು. ಎಂಟು ಸಾವಿರ, ಗಾಡಿ ಬಾಡಿಗೆ ಬೇರೆ. ಎರಡು ಸಾವಿರ ಮುಂಗಡ ಕೊಟ್ಟೆವು. ಹಿಂದಿನ ದಿನ ಕಾವೇರಿ ತುಂಬಿ ರಸ್ತೆ ಮೇಲೆ ನೀರು ಬಂತು, ಗಾಡಿ ಬರಲಿಲ್ಲ. ಮುಂಗಡವೂ ವಾಪಸ್ ಬರಲಿಲ್ಲ.

ಆಮೇಲೆ ನಾನು ಲೆಕ್ಕವನ್ನೇ ತಿರುಗಿಸಿದೆ. ಒಣಗಬೇಕಾದ್ದೆಲ್ಲ ಮಾರ್ಚ್, ಏಪ್ರಿಲ್ ಬಿಸಿಲಲ್ಲೇ ಆಗಬೇಕು. ಅಂಟಿಸುವುದು ಏನೂ ಇರಬಾರದು, ಎಲ್ಲ ಹೊಲಿಯಬೇಕು. ಆಗಸ್ಟಿನಲ್ಲಿ ಹೊಸದಾಗಿ ತರುವುದಿದ್ದರೆ ಅದು ಮಳೆ ಕಂಡರೆ ಖುಷಿಪಡುವ ವಸ್ತುವೇ ಆಗಿರಬೇಕು.

ಮಕ್ಕಳ ಕಿರೀಟಕ್ಕೆ ಅಡಿಕೆ ಹಾಳೆ, ಬೇಸಿಗೆಯಲ್ಲಿ ಅದು ದಂಡಿಯಾಗಿ ಬೀಳುತ್ತದೆ. ಮಳೆಗಾಲದ ಹಾಳೆ ಪ್ರಯೋಜನಕ್ಕಿಲ್ಲ, ಬಿದ್ದಲ್ಲೇ ಕೊಳೆಯುತ್ತದೆ. ಮೂವತ್ತು, ನಲವತ್ತು ಚೆಂದದ ಹಾಳೆ ಆರಿಸಿ ಅರ್ಧ ದಿನ ನೀರಲ್ಲಿ ಹಾಕಿಟ್ಟೆ. ಮೆತ್ತಗಾದ ಮೇಲೆ ಒರೆಸಿ, ನಾಲ್ಕು ಬೆರಳಗಲದ ಪಟ್ಟಿ ಕತ್ತರಿಸಿದೆ. ಮೇಲಂಚಿಗೆ ಮುಳ್ಳುಮುಳ್ಳಾಗಿ ಕತ್ತರಿ. ಮಕ್ಕಳ ತಲೆಯಷ್ಟು ದಪ್ಪದ ಸ್ಟೀಲ್ ಪಾತ್ರೆಗೆ ಸುತ್ತಿ, ಬಟ್ಟೆ ಕ್ಲಿಪ್ಪು ಹಾಕಿ ಕಣದಲ್ಲಿ ಬಿಸಿಲಿಗೆ ಇಟ್ಟರೆ ಸಂಜೆ ಹೊತ್ತಿಗೆ ಬಳೆಯಾಕಾರಕ್ಕೆ ಗಟ್ಟಿ. ಬಿಚ್ಚಿದರೂ ಬಾಗು ಹೋಗಲ್ಲ. ತುದಿ ಎರಡಕ್ಕೂ ದಬ್ಬಳದಿಂದ ತೂತು ಮಾಡಿ, ಗೋಣಿ ಹೊಲಿಯುವ ದಾರ ಪೋಣಿಸಿ ಬಿಟ್ಟೆ. ತಲೆ ಸಣ್ಣದೋ ದೊಡ್ಡದೋ, ಕಟ್ಟುವಾಗ ನೋಡಿಕೊಂಡರಾಯಿತು. ಬಣ್ಣ ಬಟ್ಟೆಗೆ ಹಚ್ಚುವ ಫ್ಯಾಬ್ರಿಕ್ ಪೇಂಟ್. ಒಂದು ಮಾತು: ಹಾಳೆಯ ಒಳಮೈ ನುಣುಪು, ಬಣ್ಣ ಅದಕ್ಕೇ ಹಚ್ಚಿ. ಹೊರಮೈಗೆ ಹಚ್ಚಿದ್ದು ಎಳೆ ಎಳೆಯಾಗಿ ಕಾಣುತ್ತದೆ.

ಒಣಗಿದ ಮೇಲೆ ಆಗಸ್ಟ್‌ವರೆಗೆ ಎಲ್ಲಿಡೋದು? ಬೀರುವಿನಲ್ಲಿಟ್ಟರೆ ಜೂನ್ ಕೊನೆಗೇ ಬೂಷ್ಟು. ಸೌದೆ ಒಲೆ ಮೇಲಿನ ಅಟ್ಟಕ್ಕೆ ಹಾಕಿದೆ. ಹೊಗೆ ಮುಟ್ಟಿದ್ದಕ್ಕೆ ಬೂಷ್ಟು ಬರಲ್ಲ, ಹಳೇ ಜನ ಎಲ್ಲ ಅಲ್ಲೇ ಇಡುತ್ತಿದ್ದರಲ್ವಾ. ಕಿರೀಟಗಳಿಗೆ ಹೊಗೆ ವಾಸನೆ ಹಿಡಿಯಿತು, ಅದನ್ನು ತೆಗೆಯೋಕೆ ಒಂದು ಉಪಾಯ ಮಾಡಿದೆ. ಅದು ನನ್ನ ಹತ್ತಿರವೇ ಇರಲಿ.

ತೋರಣಕ್ಕೆ ಹಳೇ ಕಾಟನ್ ಸೀರೆ ಮತ್ತು ಕಾಫಿ ತುಂಬುವ ಗೋಣಿ. ಗೋಣಿಯನ್ನು ಮೇ ತಿಂಗಳಲ್ಲೇ ಒಗೆದು ಒಣಗಿಸಿದ್ದೆ. ಮುಮ್ಮೂಲೆಯಾಗಿ ಕತ್ತರಿಸಿ ಮಿಷನ್ನಿನಲ್ಲಿ ಒಂದೇ ಉದ್ದ ಪಟ್ಟಿಗೆ ಹೊಲಿದೆ. ಇದರಲ್ಲಿ ಹೇಳುವಂಥದ್ದೇನಿಲ್ಲ. ಅಕ್ಷರಗಳಿಗೆ ಮಾತ್ರ ಕಾಗದವೇ ಬೇಕು ಅಂತ ಹಟ ನನ್ನದು. ಅದಕ್ಕೆ ಮೇಣ. ಹಳೇ ಕ್ಯಾಲೆಂಡರಿನ ಹಿಂಬದಿಗೆ ಬಣ್ಣ ಹಚ್ಚಿ, ಮೇಣದಬತ್ತಿ ತುರಿದು ಉದುರಿಸಿ, ಮೇಲೆ ಕೆಳಗೆ ನ್ಯೂಸ್‌ಪೇಪರ್ ಇಟ್ಟು ಇಸ್ತ್ರಿ ಎಳೆದರೆ ಕಾಗದ ಮೇಣ ಕುಡಿಯುತ್ತದೆ. ಹನಿ ಬಿದ್ದರೆ ಜಾರಿ ಹೋಗುತ್ತದೆ. ಕರೆಂಟ್ ಇಲ್ಲದ ದಿನ ಅಟ್ಟದಿಂದ ಕೆಂಡದ ಇಸ್ತ್ರಿ ಪೆಟ್ಟಿಗೆ ಇಳಿಸಿದೆ, ಅದರಲ್ಲೇ ಚೆನ್ನಾಗಿ ಬಂತು. ಬರೀ ಮೇಣದಬತ್ತಿಯಾದರೆ ಮಡಚಿದಲ್ಲಿ ಬಿರುಕು ಬಿಟ್ಟು ಬಿಳಿ ಗೆರೆ ಕಾಣುತ್ತದೆ. ಸ್ವಲ್ಪ ಜೇನುಮೇಣ ಸೇರಿಸಿದ ಮೇಲೆ ಬಾಗಿಸಲು ಬಂತು. ನಾಲ್ಕು ಪಾಲಿಗೆ ಒಂದು ಪಾಲು ಇರಬಹುದು, ತೂಕ ಮಾಡಿಲ್ಲ.

ಇದೇ ಕಾಗದದಲ್ಲಿ ಗೂಡುದೀಪ ಮಾಡುವ ಆಸೆ ಹುಟ್ಟಿತು. ಮೇಣ ಕುಡಿದ ಕಾಗದದಲ್ಲಿ ಬೆಳಕು ತುಂಬಾ ಚೆಂದ ಹಾಯುತ್ತದೆ. ಒಳಗೆ ಹಣತೆ ಇಟ್ಟು ನೋಡಿದ್ದು ಅಂಗಳದಲ್ಲಿ, ಪುಣ್ಯ. ಒಂದು ಗೂಡುದೀಪ ಕಣ್ಣುಮುಚ್ಚಿ ತೆರೆಯುವುದರೊಳಗೆ ಉರಿದುಹೋಯಿತು. ಬ್ಯಾಟರಿಯ ಎಲ್‌ಇಡಿ ಸರ ಬಿಟ್ಟರೆ ಬೇರೆ ಏನೂ ಒಳಗೆ ಇಡಬೇಡಿ. ಕೇಕ್ ಮೇಲಿನ ಕ್ಯಾಂಡಲ್ಲಿನಿಂದಲೂ ದೂರ ಕಟ್ಟಿ.

ಹಿಂಬದಿಯ ಅಲಂಕಾರಕ್ಕೆ ದುಡ್ಡೇ ಇಲ್ಲ: ತೋಟದ ಬದಿಯ ಜರಿ ಗಿಡ, ಅಂಗಳದ ಡೇರೆ ಹೂವು, ಸಿಲ್ವರ್ ಓಕಿನ ಎಲೆ. ಓಕಿನ ಎಲೆಯ ಅಡಿಭಾಗ ಬೆಳ್ಳಿ ಬಣ್ಣ, ತಿರುಗಿಸಿ ಕಟ್ಟಿದರೆ ಅಂಗಡಿಯ ಮಿಂಚು ಕಾಗದ ಬೇಕಿಲ್ಲ. ಇವೆಲ್ಲ ಬೇಸಿಗೆಯಲ್ಲಾದರೆ ಒಂದು ಗಂಟೆಗೆ ಬಾಡುತ್ತವೆ. ಆಟಿಯ ತಂಪಿಗೆ ಮೂರನೇ ದಿನವೂ ಹಸಿ ಹಸಿ. ತೊಂದರೆ ಒಂದೇ, ಜಿಗಣೆ. ಜರಿ ಗಿಡದ ಜೊತೆ ಅವೂ ಪಾರ್ಟಿಗೆ ಬರುತ್ತವೆ. ಹಿಂದಿನ ದಿನವೇ ಕಿತ್ತು, ನಲ್ಲಿ ಕೆಳಗೆ ದಂಟು ದಂಟು ತೊಳೆದು, ರಾತ್ರಿ ಶೆಡ್ಡಿನ ಸಿಮೆಂಟ್ ನೆಲದ ಮೇಲೆ ಹರಡಿಟ್ಟೆ. ಆದರೂ ಒಬ್ಬ ಹುಡುಗನ ಕಾಲ್ಬೆರಳ ಸಂದಿಯಲ್ಲಿ ಒಂದು ಸಿಕ್ಕಿತು. ಇಲ್ಲಿಯ ಹುಡುಗ, ಜಿಗಣೆ ಬಿಡಿಸೋಕೆ ತಾನೇ ಉಪ್ಪು ಕೇಳಿ ಇಸಿದುಕೊಂಡ.

ಈಗ ಚಾಕೊಲೇಟ್. ಮಡಿಕೇರಿಯಲ್ಲಿ ಹೆಜ್ಜೆಗೊಂದು ಹೋಂಮೇಡ್ ಚಾಕೊಲೇಟ್ ಅಂಗಡಿ ಇರುವಾಗ ನಾನು ಮನೆಯಲ್ಲಿ ಮಾಡುತ್ತೇನೆ ಅಂದದ್ದಕ್ಕೆ ಎಲ್ಲರೂ ನಕ್ಕರು. ಹಿಂದಿನ ಸಲಗಳಲ್ಲಿ ಮಾಡಿದ್ದೆಲ್ಲ ಅಂಟಂಟು, ಮೇಲೆ ಬಿಳಿ ಪುಡಿ. ಪುಸ್ತಕದಲ್ಲಿ ಹೇಳಿದ ಹಾಗೆ ಅಚ್ಚಿಗೆ ಹೊಯ್ದು ಫ್ರಿಜ್ಜಿಗೆ ಇಡುತ್ತಿದ್ದೆ. ಫ್ರಿಜ್ಜಿನಿಂದ ಹೊರಗೆ ತೆಗೆದ ಕೂಡಲೇ ನಮ್ಮ ಗಾಳಿಯ ತೇವವೆಲ್ಲ ಅದರ ತಣ್ಣನೆ ಮೈ ಮೇಲೆ ಹನಿಯಾಗಿ ಕೂರುತ್ತದೆ. ಸಕ್ಕರೆ ಕರಗಿ, ಒಣಗಿ, ಬೆಳ್ಳಗಾಗುತ್ತದೆ. ಹೀಗಾಗಿ ಫ್ರಿಜ್ಜನ್ನೇ ಬಿಟ್ಟೆ. ಆಗಸ್ಟಿನಲ್ಲಿ ನಮ್ಮ ಅಡುಗೆಮನೆಯೇ ಇಪ್ಪತ್ತು ಡಿಗ್ರಿ ಆಸುಪಾಸು. ಅಂಗಡಿಯಲ್ಲಿ ಗಟ್ಟಿಯಾಗಿ ಸಿಗುವ, ಕರಗಿಸಿ ಅಚ್ಚಿಗೆ ಹೊಯ್ಯುವ ಕಾಂಪೌಂಡ್ ಚಾಕೊಲೇಟ್ ಮೇಜಿನ ಮೇಲೇ ಅರ್ಧ, ಮುಕ್ಕಾಲು ಗಂಟೆಯಲ್ಲಿ ಗಟ್ಟಿಯಾಗುತ್ತದೆ, ಅಚ್ಚಿನಿಂದ ಟಕ್ಕಂತ ಬಿಡುತ್ತದೆ, ಮೇಲೆ ಹೊಳಪು. ಕರೆಂಟ್ ಇದ್ದರೂ ಒಂದೇ, ಹೋದರೂ ಒಂದೇ.

ಕರಗಿಸುವಾಗ ಮಾತ್ರ ಹುಷಾರು. ಬಿಸಿನೀರಿನ ಪಾತ್ರೆ ಮೇಲಿಟ್ಟ ಬಟ್ಟಲಿಗೆ ಮುಚ್ಚಳ ಹಾಕಬಾರದು. ಮುಚ್ಚಳದ ಒಂದು ಹನಿ ಒಳಗೆ ಬಿದ್ದರೂ ಇಡೀ ಬಟ್ಟಲು ಗಂಟುಗಂಟು. ಹಾಗೆ ಅರ್ಧ ಕೆ.ಜಿ. ಹಾಳಾದದ್ದನ್ನು ಬಿಸಿ ಹಾಲಿಗೆ ಹಾಕಿ ಕುಡಿದು ಮುಗಿಸಿದೆವು. ಈಗ ಬಟ್ಟಲು, ಚಮಚ, ಅಚ್ಚು ಎಲ್ಲವನ್ನೂ ಬಚ್ಚಲ ಒಲೆಯ ಕಟ್ಟೆ ಮೇಲೆ ಕಾಲು ಗಂಟೆ ಬೆಚ್ಚಗಿಟ್ಟು ಆಮೇಲೆ ಶುರು. ಒಳಗೆ ಜೇನು, ಏಲಕ್ಕಿ. ಜೇನು ಸೋರದ ಹಾಗೆ ಅದರ ಜೊತೆ ಬೆರೆಸುವುದು ಒಂದಿದೆ. ಎಲ್ಲರೂ ಕೇಳಿದರು, ಯಾರಿಗೂ ಹೇಳಿಲ್ಲ. ದೊಡ್ಡವರಿಗೆ ಬೇರೆಯಾಗಿ ಕರಿಮೆಣಸು ಹಾಕಿದ್ದು, ಅದು ಮೊದಲು ಖಾಲಿಯಾಯಿತು. ಅಚ್ಚಿನಿಂದ ಬಿಡಿಸಿದ ತಕ್ಷಣ ಫಾಯಿಲ್ ಸುತ್ತಿ ಡಬ್ಬಿಗೆ ಹಾಕಿ, ಹರಡಿಕೊಂಡು ಕೂರಬೇಡಿ.

ಕೇಕ್ ಬಗ್ಗೆ ಜಾಸ್ತಿ ಇಲ್ಲ. ಕುಕ್ಕರಿನಲ್ಲಿ ಬಾಳೆಹಣ್ಣಿನ ಕೇಕ್, ಮೇಲೆ ಚಾಕೊಲೇಟ್ ಮತ್ತು ಕೆನೆ ಬೆರೆಸಿದ ಗನಾಶ್. ಸಕ್ಕರೆ ಹಿಟ್ಟಿನ ಫಾಂಡೆಂಟ್ ಗೊಂಬೆಗಳು ಈ ಹವೆಗೆ ಬೆವರಿ ಕಣ್ಣು ಮೂಗು ಇಳಿಸಿಕೊಳ್ಳುತ್ತವೆ, ಆ ಕಡೆ ಹೋಗಬೇಡಿ. ಪಾಪ್‌ಕಾರ್ನ್, ಚಕ್ಕುಲಿ ಇಟ್ಟಲ್ಲೇ ಮೆತ್ತಗೆ. ಬೇಸಿಗೆಯ ಹಲಸಿನ ಹಪ್ಪಳ ಇತ್ತು, ಅತ್ತೆ ಒಲೆ ಮುಂದೆ ಕೂತು ಕರಿದ ಹಾಗೆ ಖಾಲಿ.

ಎಲ್ಲರೂ ನೆನಪಿಟ್ಟುಕೊಂಡದ್ದು ನೇರಳೆ ಜೆಲ್ಲಿ. ಆಗಸ್ಟ್ 3ರ ಹೊತ್ತಿಗೆ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ ಬರುತ್ತದೆ, ಮನೆಮನೆಯಲ್ಲೂ ಔಷಧಿ ಗಿಡವಾದ ಮದ್ದು ಸೊಪ್ಪಿನ ಪಾಯಸ. ಮಗಳ ಬರ್ತ್‌ಡೇಗೂ ಅದಕ್ಕೂ ಎರಡೇ ದಿನ ಅಂತರ. ಸೊಪ್ಪನ್ನು ದಂಟು ಸಮೇತ ಕುದಿಸಿದರೆ ಬರುವ ಆ ಗಾಢ ನೇರಳೆ ಬಣ್ಣ ಯಾವ ಬಾಟಲಿ ಬಣ್ಣಕ್ಕೆ ಬರುತ್ತದೆ ಹೇಳಿ? ಆ ನೀರಿಗೆ ಬೆಲ್ಲದ ಬದಲು ಸಕ್ಕರೆ, ಜೊತೆಗೆ ಜೆಲ್ಲಿ ಕಟ್ಟಿಸುವ ಚೈನಾ ಗ್ರಾಸ್. ಅದು ಗಟ್ಟಿಯಾದ ಮೇಲೆ ಮೇಲಿಂದ ಕಾಯಿಹಾಲಿನ ಬಿಳಿ ಪದರ. ಚೈನಾ ಗ್ರಾಸಿಗೂ ಫ್ರಿಜ್ ಬೇಡ, ಹಾಗೇ ಇಟ್ಟರೆ ಕಟ್ಟಿಕೊಳ್ಳುತ್ತದೆ. ಮೊದಲ ಪದರ ಪೂರ್ತಿ ತಣ್ಣಗಾಗಿದ್ದರೆ ಎರಡನೆಯದು ಅದಕ್ಕೆ ಕಚ್ಚದೆ ಜಾರಿಬಿಡುತ್ತದೆ. ಬೆರಳಿಗೆ ಸ್ವಲ್ಪ ಅಂಟುವಾಗಲೇ ಹೊಯ್ಯಬೇಕು. ಇದೇ ನೀರನ್ನು ಕೇಕ್ ಹಿಟ್ಟಿಗೂ ಹಾಕಿ ನೋಡಿದೆ. ಬೆಂದ ಮೇಲೆ ಬೂದಿ ಬಣ್ಣ. ತಿನ್ನೋಕೆ ಚೆನ್ನಾಗಿತ್ತು, ನೋಡೋಕೆ ಮನಸ್ಸಾಗಲಿಲ್ಲ.

ಮದ್ದು ಸೊಪ್ಪು ತಿಂದ ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ, ನಮಗೆಲ್ಲ ಗೊತ್ತು. ನಾದಿನಿಯ ಗೆಳತಿ ಮೈಸೂರಿನವರು, ಅವರಿಗೆ ಗೊತ್ತಿರಲಿಲ್ಲ. ಬೆಳಗ್ಗೆ ಆರಕ್ಕೇ ಫೋನು, ಡಾಕ್ಟರ ಹತ್ತಿರ ಹೊರಟು ನಿಂತಿದ್ದರು. ಹೊರಗಿನ ಮಕ್ಕಳು ಬರುವುದಿದ್ದರೆ ಮೊದಲೇ ಹೇಳಿಬಿಡಿ.

ರಿಟರ್ನ್ ಗಿಫ್ಟಿಗೆ ಬೀಜದುಂಡೆ ಅಂತ ಯೋಚಿಸಿದ್ದೆ. ಕೆಮ್ಮಣ್ಣು, ಸಗಣಿ, ಬೀಜ. ಜುಲೈಯಲ್ಲಿ ಮಾಡಿದ್ದು ಒಣಗಲೇ ಇಲ್ಲ, ಡಬ್ಬಿಯಲ್ಲೇ ಮೊಳಕೆ ಬಂತು. ಬೇಲಿ ಬದಿಗೆ ಎಸೆದೆ. ಅದರ ಬದಲು ಮೆಣಸಿನ ಬಳ್ಳಿ. ಮಾರ್ಚಿನಲ್ಲೇ ಹಬ್ಬುಬಳ್ಳಿ ಕತ್ತರಿಸಿ ಎರಡು ಮೂರು ಗೆಣ್ಣಿನ ತುಂಡುಗಳನ್ನು ನರ್ಸರಿ ಚೀಲಕ್ಕೆ ಹಾಕಿದ್ದೆವು, ಹೇಗೂ ತೋಟಕ್ಕೆ ಬೇಕಿತ್ತು. ಒಂದಷ್ಟು ಕೊಳೆತವು, ಉಳಿದವು ಆಗಸ್ಟಿಗೆ ನಾಲ್ಕೈದು ಎಲೆ ಬಿಟ್ಟಿದ್ದವು. ಚೀಲಕ್ಕೆ ಗೋಣಿ ಬಟ್ಟೆ ಸುತ್ತಿ, ಮಗುವಿನ ಹೆಸರು ಬರೆದ ಹಾಳೆ ಚೂರು ಕಟ್ಟಿ ಕೊಟ್ಟೆ. ಮಕ್ಕಳು ಕಿರೀಟ, ಚಾಕೊಲೇಟ್ ಹಿಡಿದು ಓಡಿದವು. ಅಪ್ಪಂದಿರು ಬಳ್ಳಿ ಎತ್ತಿಕೊಂಡು, "ಪನ್ನಿಯೂರು ತಳಿಯಾ? ಇನ್ನೊಂದು ಇದೆಯಾ?" ಅಂತ ಕೇಳಿದರು. ಇಬ್ಬರು ಕೇಳದೆಯೇ ಇನ್ನೊಂದು ತೆಗೆದುಕೊಂಡರು, ನಾನು ನೋಡಿದೆ.

ಲೆಕ್ಕ, ನೆನಪಿದ್ದಷ್ಟು: ಕಾಂಪೌಂಡ್ ಎರಡು ಕೆ.ಜಿ.ಗೆ ಒಂಬೈನೂರರ ಹತ್ತಿರ. ಅಚ್ಚು, ಫಾಯಿಲ್ ಮುನ್ನೂರು. ಬಣ್ಣ, ದಾರ, ಮೇಣ ನಾನೂರು ಚಿಲ್ಲರೆ. ಎಲ್‌ಇಡಿ ಸರ ಇನ್ನೂರೈವತ್ತು. ಉಳಿದದ್ದು ಮೊಟ್ಟೆ, ಮೈದಾ, ಬೆಣ್ಣೆ, ಸಕ್ಕರೆ. ನನ್ನ ಕೂಲಿ ಹಾಕಿಲ್ಲ, ಹಾಕಿದರೆ ಡೆಕೋರೇಷನ್‌ನವರೇ ಅಗ್ಗ ಅಂತ ಮನೆಯವರು. ಅವರ ಮಾತು ಬಿಡಿ.

ಈಗ ಊರಿನ ಎರಡು ಮನೆಯವರು ತಮ್ಮ ಮಕ್ಕಳ ಬರ್ತ್‌ಡೇಗೂ ಮಾಡಿಕೊಡಿ ಅಂತ ಕೇಳಿದ್ದಾರೆ. ಒಂದು ಜೂನ್, ಅದಕ್ಕೆ ಹ್ಞೂಂ ಅಂದೆ. ಇನ್ನೊಂದು ಡಿಸೆಂಬರ್. ಡಿಸೆಂಬರಿನಲ್ಲಿ ಕಾಗದ ಎಷ್ಟು ಬೇಕಾದರೂ ನಿಲ್ಲುತ್ತದೆ, ಆದರೆ ಕಾಫಿ ಕೊಯ್ಲಿನ ಹೊತ್ತಲ್ಲಿ ಕಟ್ಟೋಕೆ ಜನ ಎಲ್ಲಿಂದ ತರಲಿ? ಅವರಿಗೆ ಅಂಗಡಿಯ ಕ್ರೇಪ್ ಪೇಪರ್ ತನ್ನಿ ಅಂದಿದ್ದೇನೆ.